ಇಂಜಿನ್ನಿಗೆ ಉಡಿ ತುಂಬಿದ್ದು

ಬಳ್ಳಾರಿಯ ಹೊರಗೆ ಅದಿರಿನ ಕಂಪನಿಯೊಂದರ ಇಂಜಿನ್ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬೇರೆ ಯಾವ ಶೆಡ್ಡಿನಲ್ಲೂ ಇರಲಿಕ್ಕಿಲ್ಲ. ರಿಪೇರಿಗೆ ಬಂದ ಡೀಸೆಲ್ ಇಂಜಿನ್ನು ಎಲ್ಲಾ ಕೆಲಸ ಮುಗಿದು ಹೊರಗೆ ಹೊರಡುವ ದಿನ, ಮಗಳಿಗೆ ಮಡಿಲು ತುಂಬುವ ಹಾಗೆ, ಅದಕ್ಕೆ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ, ಉತ್ತತ್ತಿಯಿಂದ ಅಲ್ಲ, ಗ್ರೀಸಿನಿಂದ.

ಡೀಸೆಲ್ ಇಂಜಿನ್ನಿನಲ್ಲಿ ಡೀಸೆಲ್ಲು ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಕರೆಂಟು ಹುಟ್ಟಿಸುತ್ತದೆ, ಗಾಲಿಗಳ ನಡುವೆ ಕೂತ ಮೋಟರುಗಳು ಆ ಕರೆಂಟಿನಿಂದ ಗಾಲಿ ತಿರುಗಿಸುತ್ತವೆ. ಮುಂದೆ ಮೂರು ಮೋಟರು, ಹಿಂದೆ ಮೂರು. ಒಂದೊಂದರ ಹೊಟ್ಟೆಯಲ್ಲೂ ಒಂದು ದಪ್ಪ ಉರುಳೆ ಗರಗರ ಸುತ್ತುತ್ತದೆ. ಅದರ ಎರಡು ತುದಿಗೂ ಬೇರಿಂಗು, ಬೇರಿಂಗಿನೊಳಗೆ ಗ್ರೀಸು. ಆ ಗ್ರೀಸು ಕೆಟ್ಟರೆ ಬೇರಿಂಗು ಸುಡುತ್ತದೆ, ಬೇರಿಂಗು ಸುಟ್ಟರೆ ಇಂಜಿನ್ನು ಹಾದಿಯಲ್ಲೇ ಕೂರುತ್ತದೆ.

ಹೊರಡುವ ದಿನ ಮೇಸ್ತ್ರಿ ವಿರೂಪಾಕ್ಷಪ್ಪ ಗ್ರೀಸ್ ಪಂಪನ್ನು ಕೈಗೆ ತೆಗೆದುಕೊಂಡು ಮೊದಲು ತಾನು ಒಂದು ಒತ್ತು ಒತ್ತುತ್ತಿದ್ದ. ಆಮೇಲೆ ಫಿಟ್ಟರು, ಕ್ರೇನಿನವನು, ಗ್ರೀಸು ಹಾಕುವ ಚಿನ್ನಪ್ಪ, ಇಂಜಿನ್ನು ಒಯ್ಯಲು ಬಂದ ಡ್ರೈವರು, ಕಸ ಹೊಡೆಯುವ ಯಂಕಮ್ಮ, ಎಲ್ಲರೂ ಸರದಿಯ ಮೇಲೆ ಒಂದೊಂದು ಒತ್ತು. ಗ್ರೀಸು ಬೇರಿಂಗಿನ ಬಾಯಿಗೆ ಬಂದು ಹೊರಗೆ ಚೆಲ್ಲಿದರೆ "ಉಡಿ ತುಂಬಿತು" ಅನ್ನುತ್ತಿದ್ದರು. ಆಮೇಲೆಯೇ ಇಂಜಿನ್ನು ಶೆಡ್ಡಿನ ಬಾಗಿಲು ದಾಟಬೇಕು.

ಇದು ಹುಟ್ಟಿದ್ದು ವಿರೂಪಾಕ್ಷಪ್ಪನ ಮಗಳು ಸತ್ತ ವರ್ಷ.

ದಾಕ್ಷಾಯಣಿ ಒಬ್ಬಳೇ ಮಗಳು. ಸಿರುಗುಪ್ಪದ ಹತ್ತಿರ ದೇಶನೂರಿಗೆ ಕೊಟ್ಟಿದ್ದರು, ಗದ್ದೆ ಇದ್ದ ಮನೆ. ಬಸುರಾಗಿ ಏಳು ತಿಂಗಳು ತುಂಬುತ್ತಲೇ ಕುಬುಸ ಮಾಡಿ, ಉಡಿ ತುಂಬಿ, ಹೆರಿಗೆಗೆ ಕರೆದುಕೊಂಡು ಬರಬೇಕು. ತಾಯಿ ಚನ್ನವೀರಮ್ಮ ತವರೂರು ಕುರುಗೋಡಿಗೆ ಹೋಗಿ ಹಸಿರು ಖಣ ತಂದಿದ್ದಳು. ಉಡಿಯ ಬುಟ್ಟಿ ಕಟ್ಟಿ ಆಗಿತ್ತು. ಆಗ ಶೆಡ್ಡಿನಲ್ಲಿ ಒಂದು ಇಂಜಿನ್ನಿನ ಮೋಟರು ಬಿಚ್ಚಿ ಹಾಕಿದ್ದರು. "ಇದೊಂದು ಹೊರಗ ಹಾಕಿ ಬಿಡ್ತೀನಿ, ಬರೋ ಸೋಮವಾರ ಹೋಗೂಣು" ಅಂದ ವಿರೂಪಾಕ್ಷಪ್ಪ. ಸೋಮವಾರಕ್ಕೆ ಮುಂಚೆಯೇ ಸಿರುಗುಪ್ಪದ ಬಸ್ಸಿಗೆ ಬಂದ ಆಳೊಬ್ಬ ಸುದ್ದಿ ತಂದ. ಹುಡುಗಿಗೆ ಕೈಕಾಲು ಸೆಟೆದು ಸೆಳವು ಬಂದಿತ್ತು, ತಾಯಿ ಮಗು ಎರಡೂ ಉಳಿಯಲಿಲ್ಲ.

ಬಸುರಿಯ ಹೆಣ ಬಹಳ ಹೊತ್ತು ಇಡಬಾರದು ಅಂತ ಊರಿನವರು ಮುಗಿಸಿಬಿಟ್ಟಿದ್ದರು. ಇವರು ಊರು ಮುಟ್ಟುವ ಹೊತ್ತಿಗೆ ಹಸಿ ಮಣ್ಣು ಕಂಡಿತು, ಮಗಳು ಕಾಣಲಿಲ್ಲ. ಕಟ್ಟಿದ್ದ ಬುಟ್ಟಿಯನ್ನು ಯಾರ ಮುಂದೆ ಇಳಿಸಬೇಕೋ ತಿಳಿಯದೆ ಚನ್ನವೀರಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು.

ತಿರುಗಿ ಕೆಲಸಕ್ಕೆ ಬಂದ ದಿನ ಅದೇ ಇಂಜಿನ್ನು ಹೊರಡಲು ತಯಾರಾಗಿ ನಿಂತಿತ್ತು. ವಿರೂಪಾಕ್ಷಪ್ಪ ಗ್ರೀಸ್ ಪಂಪು ಹಿಡಿದು ಮೋಟರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಯಾರ ಮುಖವನ್ನೂ ನೋಡದೆ ಅಂದ: "ಹುಡುಗಿ ಹೊಂಟಾಳ. ಎಲ್ಲಾರೂ ಬಂದು ಉಡಿ ತುಂಬ್ರಪ್ಪಾ." ಒಬ್ಬರಾದ ಮೇಲೆ ಒಬ್ಬರು ಬಂದು ಒತ್ತಿದರು.

ಅಂದಿನಿಂದ ಅದು ನಡೆದುಕೊಂಡು ಬಂತು. ಇಂಜಿನ್ನು ಹೊರಡುವ ದಿನ ಚನ್ನವೀರಮ್ಮ ರೊಟ್ಟಿಯ ಗಂಟಿನಲ್ಲಿ ಒಂದು ಅರಿಶಿಣದ ಕೊಂಬು ಇಡುತ್ತಿದ್ದಳು. ಅವನು ಅದನ್ನು ಮೋಟರಿಗೆ ಮುಟ್ಟಿಸಿ ತರುತ್ತಿದ್ದ. ಸಂಜೆ ಉಣ್ಣುವಾಗ ಅವಳು ಕೇಳುವಳು.

"ಉಡಿ ತುಂಬಿದ್ರೇನ್ರಿ?"

"ತುಂಬಿದ್ವಿ."

"ಯಾರ್ ಯಾರ್ ಬಂದಿದ್ರು?"

ಅವನು ಹೆಸರು ಹೇಳುವನು. ಹೇಳುತ್ತ ಹೇಳುತ್ತ ಮಾತು ಮಗಳ ಕಡೆಗೆ ಹೊರಳುತ್ತಿತ್ತು. ಶಾಲೆಗೆ ಹೋಗುವಾಗ ಅಪ್ಪನ ಎಣ್ಣೆ ಮೆತ್ತಿದ ಅಂಗಿಯ ವಾಸನೆ ಬರ್ತೈತಿ ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು, ಮೆಣಸಿನಕಾಯಿ ಬಜ್ಜಿಗೆ ಹಟ ಮಾಡಿದ್ದು. ಬೇರೆ ದಿನ ಅವಳ ಹೆಸರು ಇಬ್ಬರ ಬಾಯಿಗೂ ಬರುತ್ತಿರಲಿಲ್ಲ. ಎತ್ತಿದರೆ ಒಬ್ಬರಾದರೂ ಅಳಬೇಕು. ಉಡಿಯ ದಿನ ಮಾತ್ರ ಅಳದೆ ಆಡಬಹುದಾಗಿತ್ತು.

ಆ ನಡುವೆ ಬೇರಿಂಗುಗಳು ಸುಡುವುದು ಹೆಚ್ಚಾಯಿತು. ಗುಡ್ಡದ ಗಣಿಯ ಸೈಡಿಂಗಿನಿಂದ ಅದಿರು ತುಂಬಿಕೊಂಡು ಬರುವಾಗ ಇಂಜಿನ್ನು ಹೊಗೆ ಹಾಕುವುದು, ನಿಂತುಬಿಡುವುದು. ಎಲ್ಲರಿಗೂ ತೋಚಿದ್ದು ಒಂದೇ: ಒಣಗಿ ಸುಡುತ್ತದೆ, ಗ್ರೀಸು ಸಾಲದು. ಆದ್ದರಿಂದ ಒಂದು ಒತ್ತು ಇದ್ದದ್ದು ಎರಡಾಯಿತು, ಎರಡು ಇದ್ದದ್ದು ಮೂರಾಯಿತು. ಸುಟ್ಟಷ್ಟೂ ತುಂಬಿದರು.

ಆಗ ಚಿದಾನಂದಪ್ಪ ಅನ್ನುವ ಹೊಸ ಇಂಜಿನಿಯರು ಬಂದ. ವಯಸ್ಸು ಸಣ್ಣದು, ಮಾತು ಮೆತ್ತಗೆ. ಅವನು ಸುಟ್ಟ ಬೇರಿಂಗೊಂದನ್ನು ಬಿಚ್ಚಿಸಿ, ಬೆರಳಿನಿಂದ ಒಳಗಿನದನ್ನು ಬಳಿದು ವಿರೂಪಾಕ್ಷಪ್ಪನ ಅಂಗೈಗೆ ಹಚ್ಚಿದ. ಕಂದು ಬಣ್ಣ, ಒಣಗಿದ ಸಾಬೂನಿನ ಹಾಗೆ ಪುಡಿಪುಡಿ.

"ಮೇಸ್ತ್ರಿ, ಇದು ಗ್ರೀಸು ಸಾಲದೆ ಸುಟ್ಟಿದ್ದಲ್ಲ. ಹೆಚ್ಚಾಗಿ ಸುಟ್ಟಿದ್ದು."

ಹಿಂದೆ ನಿಂತಿದ್ದ ಚಿನ್ನಪ್ಪ ನಕ್ಕುಬಿಟ್ಟ. "ಉಂಡು ಹೊಟ್ಟಿ ಹಸೀತು ಅಂದಂಗಾತಲ್ರಿ ಸಾಹೇಬ್ರ!"

ಸಾಹೇಬನಿಗೆ ಸಿಟ್ಟು ಬರಲಿಲ್ಲ. ಒಳಗೆ ಜಾಗ ಇಲ್ಲದಂತೆ ತುರುಕಿದರೆ ಉರುಳುವ ರೋಲರುಗಳು ಗ್ರೀಸನ್ನೇ ಕಡೆಯುತ್ತ ಹೋಗುತ್ತವೆ ಅಂತ ಹೇಳಿದ. ಕಡೆದು ಕಡೆದು ಕಾಯುತ್ತದೆ, ಕಾದಾಗ ಎಣ್ಣೆ ಬಿಟ್ಟು ಸೋರಿಹೋಗುತ್ತದೆ, ಉಳಿಯುವುದು ಈ ಪುಡಿ. ಮೂರರಲ್ಲಿ ಒಂದು ಪಾಲು ಜಾಗ ತುಂಬಿದರೆ ಸಾಕು, ಉಳಿದದ್ದು ಖಾಲಿ ಇರಬೇಕು. ಅದಕ್ಕೆ ಅಂತ ಒಂದು ಸಣ್ಣ ತಗಡಿನ ಬಟ್ಟಲು ಮಾಡಿಸಿ ಕೊಟ್ಟ.

ಬಟ್ಟಲು ನೋಡಿದ ಯಂಕಮ್ಮ "ಇದರಾಗ ಕೂಸಿಗೆ ಔಷಧಿ ಕುಡಸ್ತಾರ್ರೀ" ಅಂದಳು. ಶೆಡ್ಡೇ ನಕ್ಕಿತು. ವಿರೂಪಾಕ್ಷಪ್ಪ ಮಾತ್ರ ನಗಲಿಲ್ಲ. ಅಷ್ಟು ಖಾಲಿ ಬಿಟ್ಟರೆ ಉಡಿ ಅಂತ ಯಾರು ಅಂದಾರು?

ಅವನ ಮುಖ ನೋಡಿದ ಮಂದಿ ತಾವೇ ಒಂದು ಹಾದಿ ಹುಡುಕಿದರು. ಸಾಹೇಬನ ಎದುರಿಗೆ ಬಟ್ಟಲಿನ ಅಳತೆ ಹಾಕುವುದು. ಸಾಹೇಬ ಊಟಕ್ಕೆ ಹೋದ ಮೇಲೆ, "ಬರ್ರಿ ಮೇಸ್ತ್ರಿ, ಶಾಸ್ತ್ರ ಮುಗಿಸೂಣು" ಅಂತ ಚಿನ್ನಪ್ಪ ಪಂಪು ತಂದು ಕೈಗೆ ಕೊಡುವುದು. ಬೇಡ ಅನ್ನಲು ವಿರೂಪಾಕ್ಷಪ್ಪನಿಗೆ ಬಾಯಿ ಬರಲಿಲ್ಲ. ಹಾಗೆ ಬಟ್ಟಲಿನ ಮೇಲೆ ಉಡಿಯೂ ಬಿತ್ತು.

ಬೇರಿಂಗುಗಳು ಮೊದಲಿನಂತೆಯೇ ಸುಟ್ಟವು. ಚಿದಾನಂದಪ್ಪ ದಿನದಿನಕ್ಕೆ ಕಂಗಾಲಾದ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ, "ನನ್ನ ಲೆಕ್ಕವೇ ತಪ್ಪಿರಬೇಕು ಮೇಸ್ತ್ರಿ. ನೀವು ಹೇಳಿದ ಹಾಗೆ ತುಂಬಾ ಹಾಕಿಬಿಡೋಣ" ಅಂದ. ಗೆದ್ದ ಸಂತೋಷ ವಿರೂಪಾಕ್ಷಪ್ಪನಿಗೆ ಆಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅದಾದ ವಾರದಲ್ಲೇ ಜೋಗಪ್ಪನ ಇಂಜಿನ್ನು ಕೆಟ್ಟಿತು. ಜೋಗಪ್ಪ ಹಳೆಯ ಡ್ರೈವರು, ವಿರೂಪಾಕ್ಷಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು. ಇಳಿಜಾರಿನಲ್ಲಿ ಬರುವಾಗ ಒಂದು ಮೋಟರಿನ ಬೇರಿಂಗು ಕಚ್ಚಿಕೊಂಡು, ಆ ಗಾಲಿ ತಿರುಗದೆ ಕಂಬಿಯ ಮೇಲೆ ಎಳೆದುಕೊಂಡು ಬಂತು. ಇಂಜಿನ್ನು ಕುಲುಕಿದ ರಭಸಕ್ಕೆ ಜೋಗಪ್ಪ ಮುಂದಿನ ಕಿಟಕಿಯ ಚೌಕಟ್ಟಿಗೆ ಬಡಿದ. ಎರಡು ಹಲ್ಲು ಹೋದವು, ತುಟಿಗೆ ಹೊಲಿಗೆ ಬಿತ್ತು.

ನೋಡಲು ಹೋದ ವಿರೂಪಾಕ್ಷಪ್ಪನಿಗೆ ಅವನು ಊದಿದ ಬಾಯಿಯಲ್ಲೇ ಅಂದ: "ಬಾರಪಾ. ನಿನ್ನ ಮಗಳು ನನ್ನ ಹಲ್ಲು ಉದುರಿಸಿದ್ಲು ನೋಡು. ಇನ್ನ ನಿಮ್ಮ ಮನಿ ರೊಟ್ಟಿ ಕಡಿಯಾಕ ಆಗೂದಿಲ್ಲ."

ವಿರೂಪಾಕ್ಷಪ್ಪ ತಲೆ ತಗ್ಗಿಸಿದ.

"ನಗಲೇ ಮಾರಾಯಾ, ಸತ್ತಿಲ್ಲ ನಾ." ಆಮೇಲೆ ಜೋಗಪ್ಪ ದನಿ ತಗ್ಗಿಸಿದ. "ನಾನೂ ಒತ್ತೀನಿ ಉಡೀನ. ಬಾಯಿಮಾತಿಗಲ್ಲ, ಮನಸ್ಸು ತುಂಬಿ ಒತ್ತೀನಿ. ಆದ್ರ ಆ ಹುಡುಗ ಸಾಹೇಬ ಅಳತಿ ಹಾಕಿ ಹೋಗ್ತಾನ, ಹಿಂದಿಂದ ನಾವು ತುರುಕ್ತೀವಿ. ಸುಟ್ರ ಅವನ ಅಳತಿ ಸುಳ್ಳು ಅಂತೀವಿ. ಇದು ಯಾಕೋ ನನಗ ಸರಿ ಅನಸವಲ್ದು."

"ನನಗ ಏನ್ ಮಾಡು ಅಂತೀ?"

"ಒಂದು ಸಲ ಕೈ ಇಟ್ಟು ನೋಡು. ನಿನ್ನ ಕೈ ಹೇಳಿದ್ದು ನಾ ಕೇಳ್ತೀನಿ. ಶೆಡ್ಡೂ ಕೇಳ್ತೈತಿ."

ಮುಂದಿನ ಇಂಜಿನ್ನು ಹೊರಡುವಾಗ ವಿರೂಪಾಕ್ಷಪ್ಪ ಮುಂದಿನ ಮೂರು ಮೋಟರುಗಳಿಗೆ ಎಲ್ಲರ ಕೈಯಿಂದ ಉಡಿ ತುಂಬಿಸಿದ. ಹಿಂದಿನ ಮೂರಕ್ಕೆ ಬಟ್ಟಲಿನ ಅಳತೆ ಬಿಟ್ಟು ಒಂದು ಒತ್ತೂ ಹಾಕಗೊಡಲಿಲ್ಲ. ತಾನೇ ಡ್ರೈವರನ ಜೊತೆ ಇಂಜಿನ್ನು ಹತ್ತಿ ಹೋದ. ಹೋಗುವಾಗ ಹಾದಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದೇ ಬೇಡಿಕೆ: ಹಿಂದಿನವು ಸುಡಲಿ. ಇಂಜಿನ್ನು ಕೆಡಲಿ ಅಂತ ಮೇಸ್ತ್ರಿ ಬೇಡಿಕೊಂಡದ್ದು ಅದೊಂದೇ ಸಲ.

ಅದಿರು ತುಂಬಿಕೊಂಡು ತಿರುಗಿ ಬರುವಾಗ ಏರು ಮುಗಿದ ಕಡೆ ಗಾಡಿ ನಿಲ್ಲಿಸಿದರು. ಅವನು ಇಳಿದು ಹಿಂದಿನ ಗಾಲಿಗಳ ನಡುವೆ ತೂರಿದ. ಬೇರಿಂಗಿನ ಮುಚ್ಚಳಕ್ಕೆ ಕೈ ಇಟ್ಟ. ಬಿಸಿಲಿಗೆ ನಿಂತ ಎಮ್ಮೆಯ ಮೈಯಂತೆ ಬೆಚ್ಚಗಿತ್ತು, ಅಷ್ಟೇ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹೊರಗೆ ಬಂದು ಬೆವರು ಒರೆಸಿಕೊಂಡು ಮುಂದಕ್ಕೆ ನಡೆದ. ಮುಂದಿನ ಮೋಟರಿನ ಹತ್ತಿರ ಬಗ್ಗಿದಾಗಲೇ ಕಮಟು ವಾಸನೆ ಬಂತು. ಗ್ರೀಸು ಕರಗಿ ಎಣ್ಣೆಯಾಗಿ ಮುಚ್ಚಳದ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಕೈ ಇಟ್ಟ. ಯಾರೇ ಆಗಲಿ ಕೈ ಹಿಂದಕ್ಕೆ ಎಳೆದುಕೊಳ್ಳುವ ಕಾವು ಅದು. ಅವನು ತೆಗೆಯಲಿಲ್ಲ.

"ಏ ಮೇಸ್ತ್ರೀ, ಏನಾತು?" ಅಂತ ಮೇಲಿನಿಂದ ಡ್ರೈವರು ಕೂಗಿದಾಗ ತೆಗೆದ.

ಸಂಜೆ ಚನ್ನವೀರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲ ಮೇಲೆ ಕೂತು ಎಲ್ಲಾ ಹೇಳಿದ. ಗ್ರೀಸಿನ ವಿಷಯ ಅವಳಿಗೆ ಎಷ್ಟು ತಿಳಿಯಿತೋ, ಬಡಿಯುವ ಕೈ ನಿಲ್ಲಿಸದೆ ಕೇಳಿದಳು. ಅವನ ಅಂಗೈ ಕಂಡಾಗ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು. ಉದ್ದಕ್ಕೂ ಬೊಬ್ಬೆ ಎದ್ದಿತ್ತು. ತುಪ್ಪ ತಂದು ಸವರಿದಳು.

"ಇಷ್ಟು ಸುಡೂತನಕ ಯಾಕ ಇಟ್ರಿ ಕೈ?"

ಅವನು ಇನ್ನೊಂದು ಕೈಯಿಂದ ಅಂಗಿಯ ಗುಂಡಿ ಬಿಚ್ಚತೊಡಗಿದ.

"ಸುಡ್ತೈತಿ ಅಂದ್ರ ಖರೇನ ಅದರಿಂದನ?"

"ಅದರಿಂದನ. ಜೋಗಪ್ಪನ ಬಾಯಿ ಒಡದಿದ್ದೂ ಅದರಿಂದನ."

ಅವಳು ಬಹಳ ಹೊತ್ತು ಅವನ ಕೈ ಹಿಡಿದುಕೊಂಡೇ ಇದ್ದಳು. ಒಲೆಯ ಮೇಲಿನ ರೊಟ್ಟಿ ಕಪ್ಪಾಗಿ ವಾಸನೆ ಬಂತು.

"ಹಂಗಾರ ಬಿಡ್ರಿ" ಅಂದಳು. "ಮಂದಿ ಮಕ್ಕಳು ಓಡಸೂ ಇಂಜಿನ್ನು ಅದು."

ಮರುದಿನ ಅವನು ಚಿದಾನಂದಪ್ಪನ ಮುಂದೆ ನಿಂತು, "ನಿಮ್ಮ ಲೆಕ್ಕ ಸರಿ ಐತ್ರಿ ಸಾಹೇಬ್ರ. ನೀವು ಹೋದ ಮ್ಯಾಲ ನಾವು ಹಾಕ್ತಿದ್ವಿ" ಅಂದ. ಯಾಕೆ ಅಂತ ಸಾಹೇಬ ಕೇಳಿದ. ಚಿನ್ನಪ್ಪನೇ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದ. ತಿರುಗಿ ಬಂದಾಗ ಚಿದಾನಂದಪ್ಪನ ಕಣ್ಣು ಕೆಂಪಾಗಿದ್ದವು. ಏನೋ ಹೇಳಲು ಹೋಗಿ, "ಬಟ್ಟಲು ಬೇಕಾದರೆ ಸ್ವಲ್ಪ ದೊಡ್ಡದು..." ಅಂದು ಅಲ್ಲೇ ನಿಲ್ಲಿಸಿದ. ಬೇರಿಂಗು ಯಾರ ದುಃಖಕ್ಕೂ ಹೆಚ್ಚು ಗ್ರೀಸು ಹಿಡಿಯುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಹೊರಟ ಇಂಜಿನ್ನಿಗೆ ಎಲ್ಲಾ ಮೋಟರಿಗೂ ಅಳತೆಯ ಗ್ರೀಸು ಬಿತ್ತು. ವಿರೂಪಾಕ್ಷಪ್ಪ ತಾನೇ ಬಟ್ಟಲು ತುಂಬಿ, ಕಡ್ಡಿಯಿಂದ ಮೇಲಿನದನ್ನು ಸಪಾಟು ಮಾಡಿ, ಹಾಕಿ, ಮುಚ್ಚಳದ ಬೋಲ್ಟು ಬಿಗಿದ. ರೂಢಿಯ ಮೇಲೆ ಮಂದಿ ಬಂದು ನಿಂತಿದ್ದರು. ಮಾಡುವ ಕೆಲಸ ಇಲ್ಲದೆ ಕೈಗಳು ಜೋತುಬಿದ್ದಿದ್ದವು. ಚಿನ್ನಪ್ಪ ಪಂಪನ್ನು ಬಟ್ಟೆಯಿಂದ ಒರೆಸಿ ಒರೆಸಿ ಮುಂದೆ ಹಿಡಿದ.

"ಒಂದ ಒತ್ತು ಹಾಕ್ರಿ ಮೇಸ್ತ್ರಿ. ಒಂದಕ್ಕ ಏನ್ ಆಕ್ಕೈತಿ?"

"ಒಂದೊಂದು ಅಂತ ಅಂದೇ ಅಲ್ಲೇನೋ ಚಿನ್ನಪ್ಪಾ ಅಷ್ಟು ಆಗಿದ್ದು" ಅಂದ ವಿರೂಪಾಕ್ಷಪ್ಪ. ಪಂಪು ತೆಗೆದುಕೊಂಡು ಗೂಟಕ್ಕೆ ಹಾಕಿದ. ಯಂಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಕಸಬರಿಗೆ ಎತ್ತಿಕೊಂಡು ಹೋದಳು. ಇಂಜಿನ್ನು ಒಂದು ಸಲ ಕೂಗಿ ಬಾಗಿಲು ದಾಟಿತು.

ಅದು ಹೋಗಿ ಬಂತು. ಮತ್ತೆ ಹೋಗಿ ಬಂತು. ಬೇರಿಂಗು ಬೆಚ್ಚಗಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದ ಜೋಗಪ್ಪ ಅದನ್ನೇ ಓಡಿಸಿದ. "ಹೂವಿನಂಗ ಹೊಂಟೈತಿ" ಅಂದ. ಚಿದಾನಂದಪ್ಪ ಶೆಡ್ಡಿಗೆಲ್ಲ ಪೇಢೆ ಹಂಚಿಸಿದ. ವಿರೂಪಾಕ್ಷಪ್ಪ ತನ್ನದನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ದ.

ಮಳೆಗಾಲದ ಹೊತ್ತಿಗೆ ಇನ್ನೊಂದು ಇಂಜಿನ್ನು ತಯಾರಾಗಿ ಹೋಯಿತು. ಆ ದಿನ ರೊಟ್ಟಿಯ ಗಂಟಿನಲ್ಲಿ ರೊಟ್ಟಿ, ಪಲ್ಯ, ಉಳ್ಳಾಗಡ್ಡಿ ಇದ್ದವು, ಅರಿಶಿಣದ ಕೊಂಬು ಇರಲಿಲ್ಲ. ಸಂಜೆ ಅವನು ಕೈಕಾಲು ತೊಳೆದು ಉಣ್ಣಲು ಕೂತ. ಚನ್ನವೀರಮ್ಮ ಬಡಿಸಿದಳು.

"ಇವತ್ತು ಇಂಜಿನ್ನು ಹೋತು" ಅಂದ.

"ಹೂಂ."

"ಬಿಸಿ ಆಗಿಲ್ಲಂತ."

"ಛಲೋ ಆತು ಬಿಡ್ರಿ."

ಅವಳು ಅವನೆದುರು ಕೂತು ಗೋಡೆ ನೋಡಿದಳು. ಅವನು ಒಂದು ತುತ್ತು ಮುರಿದ. ಹಿಂದೆ ಈ ಹೊತ್ತಿಗೆ ಅವಳು ಯಾರ್ ಯಾರ್ ಬಂದಿದ್ರು ಅಂತ ಕೇಳಬೇಕಿತ್ತು. ಇವತ್ತು ಕೇಳಲು ಏನೂ ಇರಲಿಲ್ಲ. ಅವನಿಗೆ ಆ ಬಜ್ಜಿಯ ಮಾತು ಆಡಬೇಕು ಅನ್ನಿಸಿತು. ಎಲ್ಲಿಂದ ಶುರು ಮಾಡಬೇಕು, ಯಾವ ನೆಪದಿಂದ ಆ ಹೆಸರು ಎತ್ತಬೇಕು, ತಿಳಿಯಲಿಲ್ಲ.

"ದಾಕ್ಷಾ..." ಅಂದ.

ಚನ್ನವೀರಮ್ಮ ತಟ್ಟನೆ ತಿರುಗಿದಳು. "ಏನಂದ್ರಿ?"

ಅವಳ ಕಣ್ಣು ಆಗಲೇ ತುಂಬಿದ್ದವು.

"ಏನಿಲ್ಲ" ಅಂದ ವಿರೂಪಾಕ್ಷಪ್ಪ. "ಮಜ್ಜಿಗಿ ಹಾಕು."

ಅವಳು ಹಾಕಿದಳು.