ಅಪಾಯ ಅಳೆಯಲು ಬಂದವರಿಗೆ ಒಂದೊಂದು ಟೀ

ನನ್ನ ಗಂಡ ಅಜ್ಮತುಲ್ಲಾ ಭಾರಿ ಮರ್ಯಾದಸ್ಥ. ಆ ಮರ್ಯಾದೆಯಿಂದಲೇ ನಮ್ಮ ಬಾವಿ ಹಾಳಾಯಿತು.

ಸಿ.ಎಸ್. ಪುರದ ಹತ್ತಿರ ಹಳ್ಳದ ದಂಡೆಯಲ್ಲಿ ನಮ್ಮ ಟೀ ಹೋಟೆಲು, ಹಿತ್ತಲಲ್ಲೇ ಬಾವಿ. ಗುಬ್ಬಿ ಬಸ್ಸಿನ ಡ್ರೈವರುಗಳು ಗಾಡಿ ನಿಲ್ಲಿಸಿ ಇಳಿಯುತ್ತಿದ್ದುದು ಆ ನೀರಿನ ರುಚಿಗೆ. ೨೦೦೧ರ ಸುಮಾರಿಗೆ ತುಮಕೂರು ಜೋರಾಗಿ ಬೆಳೆಯತೊಡಗಿತು. ಬೆಳೆಯಲಿ ಪಾಪ, ನಾನೂ ಅದೇ ಊರಿನ ಬಟವಾಡಿಯಲ್ಲಿ ಹುಟ್ಟಿದವಳು. ಆದರೆ ಪಟ್ಟಣದ ಕಸವೂ ಬೆಳೆದು, ಯಾರ‍್ಯಾರದೋ ಲಾರಿ ಹತ್ತಿ, ನಮ್ಮ ಹಳ್ಳದ ಮೇಲ್ಗಡೆ ಬಂದು ಬೀಳತೊಡಗಿತು. ಬಾವಿ ನೀರಿಗೆ ಒಂಥರಾ ವಾಸನೆ ಹತ್ತಿತು. ಸಾಲದ್ದಕ್ಕೆ ಅಲ್ಲೇ ದೊಡ್ಡದೊಂದು ಕಸದ ಯಾರ್ಡು ಮಾಡುತ್ತಾರೆಂಬ ಸುದ್ದಿ.

ನಾನು ಕಂಡಕಂಡವರಿಗೆಲ್ಲ ಅರ್ಜಿ ಕೊಟ್ಟೆ. ಕೊನೆಗೆ, ಶಿಂಷಾ ಕಣಿವೆಯ ಪರಿಸರಕ್ಕೆ ಅಪಾಯ ಎಷ್ಟಿದೆ ಎಂದು ಅಳೆಯಲು ತಜ್ಞರ ತಂಡ ಬರುತ್ತದೆ ಅಂತಾಯಿತು. ಅವರು ಅಪಾಯ ಹೆಚ್ಚು ಅಂತ ಬರೆದರೆ ಯಾರ್ಡು ರದ್ದು, ಬಾವಿ ಉಳಿಯುತ್ತದೆ. ನನಗೆ ಬೇಕಾಗಿದ್ದುದು ಅಷ್ಟೇ.

ನಮ್ಮೂರಿಗೆ ಜೀಪು ಬರುತ್ತದೆಂದರೆ ಹೆಣ್ಣು ನೋಡಲು ಬಂದಷ್ಟೇ ಸಡಗರ. ಪಂಚಾಯ್ತಿ ಅಧ್ಯಕ್ಷ ಪುಟ್ಟರಂಗಯ್ಯ ಹಿಂದಿನ ದಿನವೇ ಆಳು ಬಿಟ್ಟು ಕಸದ ಗುಡ್ಡೆಯ ಮೇಲೆ ಕೆಮ್ಮಣ್ಣು ಹಾಸಿಸಿದ. ಹಳ್ಳದ ಪ್ಲಾಸ್ಟಿಕ್ಕೆಲ್ಲ ಬಾಚಿಸಿದ. ಮೇಲೊಂದು ಮಾವಿನ ತೋರಣ.

"ಅಲ್ಲಣ್ಣ, ಅವ್ರು ಬರ್ತಿರೋದೇ ಗಲೀಜು ನೋಡೋಕೆ. ಅದ್ನೇ ಮುಚ್ಚಿದ್ರೆ ಏನ್ ತೋರಿಸ್ತೀಯ?" ಅಂದೆ.

"ನೀನ್ ಸುಮ್ಕಿರವ್ವ. ದೊಡ್ಡೋರು ಬಂದಾಗ ಊರ್ ಮಾನ ಹೋಗ್ಬಾರ್ದು," ಅಂದ.

ತಂಡ ಬಂತು. ಟೋಪಿ ಹಾಕಿದ್ದ ಮುಖ್ಯ ತಜ್ಞರು ಕೆಮ್ಮಣ್ಣಿನ ಗುಡ್ಡೆ ನೋಡಿ ಇಲ್ಲೊಂದು ಪಾರ್ಕ್ ಮಾಡಬಹುದು ಅಂದರು. ಬಿಸಿಲೇರಿದ ಮೇಲೆ ಟೀಗೆಂದು ನಮ್ಮ ಹೋಟೆಲಿಗೇ ಬಂದರು. ನನಗೆ ಖುಷಿಯೋ ಖುಷಿ. ನಾನು ಬಾಯಿ ಬಿಡುವುದೇ ಬೇಡ, ಟೀ ಕುಡಿದರೆ ಅವರಿಗೇ ಗೊತ್ತಾಗುತ್ತದೆ ಅಂದುಕೊಂಡೆ.

"ಫಸ್ಟ್ ಕ್ಲಾಸ್ ಟೀ. ಎಲ್ಲಿಯ ನೀರು ಇದು?" ಅಂದರು ಟೋಪಿಯವರು.

"ನಮ್ ಬಾವೀದೇ ಸಾರ್. ನಮ್ಮಪ್ಪ ತೋಡ್ಸಿದ್ದು," ಅಂದ ನನ್ನ ಗಂಡ, ಎದೆಯುಬ್ಬಿಸಿ.

ಟೀ ಕಾಸಿದ್ದು ಅವನೇ. ಅನುಮಾನ ಬಂದು ಒಳಗೆ ಹೋಗಿ ನೋಡಿದರೆ ಸಕ್ಕರೆ ಮೂಟೆಯ ಹಿಂದೆ ತುಮಕೂರಿನಿಂದ ತಂದ ಕ್ಯಾನ್ ನೀರು. ನೆಂಟರಿಗೆ ನಾತದ ಟೀ ಕೊಡಲು ಪುಣ್ಯಾತ್ಮನಿಗೆ ಮನಸ್ಸಾಗಿರಲಿಲ್ಲ. ನನ್ನ ಮೈಯೆಲ್ಲ ಉರಿಯಿತು.

"ಸುಳ್ಳು ಸಾರ್, ಅದು ಕ್ಯಾನ್ ನೀರು. ಬಾವೀದು ಸೇದ್ಕೊಂಡ್ ಬರ್ತೀನಿ, ಮೂಸಿ ನೋಡಿ," ಅಂದೆ.

"ಪಟ್ನದಲ್ಲಿ ಹುಟ್ಟಿದೋಳು ಸಾರ್," ಅಂದ ಅಜ್ಮತುಲ್ಲಾ. "ನಲ್ಲಿ ನೀರು ಬಿಟ್ರೆ ಇನ್ಯಾವ್ದೂ ಹಿಡ್ಸಲ್ಲ ಇವ್ಳಿಗೆ."

ಎಲ್ಲರೂ ನಕ್ಕರು. ಬಾವಿಯ ಪಕ್ಕ ಗ್ಲಾಸು ಹಿಡಿದು ನಿಂತ ಅವನ ಫೋಟೋ ತೆಗೆದರು. ನಾನು ಸೇದಿಟ್ಟ ಬಿಂದಿಗೆಯ ಹತ್ತಿರ ಯಾರೂ ಬರಲಿಲ್ಲ. ನೀರು ತುಂಬಿಕೊಳ್ಳುವ ಬಾಟಲಿಗಳು ಇನ್ನೊಂದು ಜೀಪಿನಲ್ಲಿವೆಯಂತೆ, ಆ ಜೀಪು ಕುಣಿಗಲ್ಲಿಗೆ ಹೋಗಿದೆಯಂತೆ, ಊಟವೂ ಅಲ್ಲೇ ಅಂತೆ. ಹೊರಟೇಬಿಟ್ಟರು.

ಅಪಾಯ ಕಡಿಮೆ, ಅಂತರ್ಜಲ ಉತ್ತಮ ಎಂದು ವರದಿ ಬಂತು. ಯಾರ್ಡೂ ಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿ ನೀರು ಪಾತ್ರೆ ತೊಳೆಯಲೂ ಆಗದಂತಾಯಿತು. ಆಗ ನಮ್ಮ ಮರ್ಯಾದಸ್ಥರಿಗೆ ಎಚ್ಚರವಾಗಿ, ಬಾಟಲಿಯಲ್ಲಿ ನೀರು ತುಂಬಿಕೊಂಡು ತುಮಕೂರಿಗೆ ದೂರು ಕೊಡಲು ಹೋದರು. ಅಲ್ಲಿನ ಗುಮಾಸ್ತ ವರದಿ ತೆಗೆದು ಫೋಟೋ ತೋರಿಸಿದನಂತೆ.

"ಇದು ನೀವೇ ತಾನೆ?"

"ಹೌದು ಸಾರ್," ಅಂದು ವಾಪಸ್ ಬಂದ.

ಬಯ್ಯಬೇಕೆಂದು ಬಾಗಿಲಲ್ಲೇ ಕಾದಿದ್ದೆ. ಅವನು ನೇರ ಹಿತ್ತಲಿಗೆ ಹೋಗಿ, ಅವನಪ್ಪ ತೋಡಿಸಿದ ಬಾವಿಯ ಮೇಲೆ ಜಿಂಕ್ ಶೀಟು ಎಳೆದು ಕಲ್ಲು ಹೇರಿದ. ನನಗೆ ಅಳು ಬಂತು, ಬಯ್ಗುಳ ಬರಲಿಲ್ಲ.

ಈಗ ಡ್ರೈವರುಗಳು ನಿಲ್ಲಿಸುವುದಿಲ್ಲ. ಇಂಥ ಟೀ ಎಲ್ಲಿ ಬೇಕಾದರೂ ಸಿಗುತ್ತದಂತೆ. ನೆಂಟರಿಗೆಂದು ತಂದಿದ್ದ ಕ್ಯಾನ್ ನೀರನ್ನೇ ನಾವೂ ದಿನಾ ಕುಡಿಯುತ್ತಿದ್ದೇವೆ.