ದಂಡಿನ ಮನೆಯ ಹಿರಿಮಗಳು

ನೆಲವಿರುವಾಗ ಗೋಡೆಯ ಮೇಲೆ ನಡೆಯುವುದು ಅವಳ ಸ್ವಭಾವ. ಸೈನಿಕ ವಸತಿಯ ಸಾಲುಮನೆಗಳ ನಡುವೆ, ಒಂದಿಟ್ಟಿಗೆ ಅಗಲದ ಕಾಂಪೌಂಡಿನ ಮೇಲೆ, ಮೊಣಕಾಲಿನವರೆಗೆ ಇಳಿಬಿದ್ದ ಅಪ್ಪನ ಹಳೆಯ ಹಸಿರು ಕೋಟಿನ ಜೇಬಿನಲ್ಲಿ ಎರಡೂ ಕೈಗಳನ್ನಿಟ್ಟು, ಕಿಂಚಿತ್ತೂ ಅವಸರವಿಲ್ಲದ ನಡಿಗೆಯಲ್ಲಿ ಹದಿನಾರರ ಆ ಹುಡುಗಿ ಶಾಲೆಗೆ ಹೊರಟರೆ, ಕೆಳಗೆ ರಸ್ತೆಯಲ್ಲಿ ಇಬ್ಬರ ಚೀಲವನ್ನೂ ಹೊತ್ತು ನಡೆಯುವವಳು ತಂಗಿ. ಬಿದ್ದೀಯೆ ಎಂದರೆ ಉತ್ತರ ಒಂದೇ: "ಅದೇನು ಮಹಾ." ಅಪ್ಪನ ವರ್ಗಾವಣೆಗಳಿಂದಾಗಿ ಏಳನೆಯ ಶಾಲೆಗೆ ಸೇರಿದ ದಿನವೂ ಅದೇ ಮಾತು, ಸೇತುವೆಯಿಂದ ಹೊಳೆಗೆ ಹಾರಿ ಮುಂಗೈ ಮುರಿದುಕೊಂಡ ದಿನವೂ ಅದೇ ಮಾತು.

ತಂಗಿಗೆ ಹೊಟ್ಟೆಕಿಚ್ಚು, ಮೈಯೆಲ್ಲ ಉರಿಯುವಂಥ ಹೊಟ್ಟೆಕಿಚ್ಚು. ಗಡಿಯಲ್ಲಿ ನೂರು ಜನರ ತುಕಡಿಗೆ ಮೇಲಧಿಕಾರಿಯಾಗಿದ್ದ ಅಪ್ಪ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದ. ಮೊದಲು ಅಮ್ಮ, ಆಮೇಲೆ ಅಕ್ಕ, ಹೊತ್ತು ಉಳಿದರೆ ಇವಳು. "ಏನಮ್ಮ ಹುಲಿಮರಿ, ಈ ವಾರ ಯಾವ ಮರ ಹತ್ತಿದೆ?" ಎಂದು ಅಕ್ಕನೊಡನೆ ನಗುತ್ತಿದ್ದವನು ಇವಳಿಗೆ ಕೇಳುತ್ತಿದ್ದುದು, "ಅಮ್ಮನಿಗೆ ಸಹಾಯ ಮಾಡ್ತಿದ್ದೀಯಾ?" ಅಷ್ಟೇ. ತರಗತಿಗೆ ಮೊದಲಿಗಳಾದ ಸುದ್ದಿಯನ್ನು ಬಾಯಿಗೆ ತರುವಷ್ಟರಲ್ಲಿ ಲೈನು ಕಟ್ಟಾಗಿರುತ್ತಿತ್ತು. ಕೆಟ್ಟ ಸುದ್ದಿಯನ್ನಂತೂ ಹೇಳುವಂತೆಯೇ ಇರಲಿಲ್ಲ. "ಅಲ್ಲಿ ಅವರ ಗಮನ ಒಂದು ಕ್ಷಣ ತಪ್ಪಿದ್ರೆ ಮುಗೀತು, ಎಲ್ಲ ಸರಿ ಅನ್ನಿ ಸಾಕು" ಎಂಬುದು ಅಮ್ಮನ ಕಟ್ಟಪ್ಪಣೆ. ವಸತಿಯ ಮನೆಮನೆಯಲ್ಲೂ ಇದೇ ಪದ್ಧತಿ. ಮುರಿದ ಮುಂಗೈ ಕೂಡ ಎಲ್ಲ ಸರಿಯ ಲೆಕ್ಕಕ್ಕೇ ಸೇರಿತು.

ಬೇಸಿಗೆಯಲ್ಲಿ ರಜೆಗೆ ಬಂದ ತುಕಡಿಯ ಡ್ರೈವರ್ ಅಪ್ಪನ ಪೊಟ್ಟಣವೊಂದನ್ನು ಕೊಟ್ಟು, ಚಹಾ ಕುಡಿಯುತ್ತ, ಭಕ್ತಿಯಿಂದ ಹೇಳಿದ: "ಹೊಸ ಹುಡುಗನೊಬ್ಬ ಊಟ ನಿದ್ದೆ ಬಿಟ್ಟಿದ್ದ. ಯಾರಿಗೂ ಗೊತ್ತಾಗಲಿಲ್ಲ, ಸಾಹೇಬ್ರಿಗೆ ಗೊತ್ತಾಯ್ತು. ಐದು ದಿನ ಅವನ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡ್ರು ನೋಡಿ." ಅಮ್ಮನ ಮುಖ ಅರಳಿತು. ಅಕ್ಕ ಮಾತ್ರ ಲೋಟವನ್ನು ಕೆಳಗಿಟ್ಟು, "ಐದು ದಿನವಾ?" ಎಂದಳು. ಅಕ್ಕನಿಗೂ ಹೊಟ್ಟೆಕಿಚ್ಚು ಬರುತ್ತದೆಂದು ತಂಗಿಗೆ ತಿಳಿದದ್ದು ಆಗಲೇ, ಅದೂ ಮುಖ ನೋಡದ ಸಿಪಾಯಿಯೊಬ್ಬನ ಮೇಲೆ.

ಆಮೇಲೆ ಅಕ್ಕನ ಸಾಹಸಗಳಿಗೆ ಲಂಗುಲಗಾಮು ಉಳಿಯಲಿಲ್ಲ. ಯಾರದೋ ಬೈಕನ್ನು ಕೈಬಿಟ್ಟು ಓಡಿಸಿದಳು, ನೀರಿನ ಟ್ಯಾಂಕಿನ ಅಂಚಿನ ಮೇಲೆ ನಡೆದಳು. ಡಬ್ಬಿಯ ಊಟ ಬೀದಿನಾಯಿಯ ಪಾಲಾಯಿತು, ರಾತ್ರಿಯ ನಿದ್ದೆ ಕಿಟಕಿಯ ಪಾಲಾಯಿತು. ಹುಡುಗರ ಚಪ್ಪಾಳೆ ಕೇಳಿ ಕೇಳಿ ತಂಗಿಗೆ ರೋಸಿಹೋಯಿತು. ನನಗೇನು ಕಾಲಿಲ್ಲವೇ ಎಂದು ಒಂದು ಮಧ್ಯಾಹ್ನ ತಾನೂ ಟ್ಯಾಂಕಿನ ಏಣಿ ಹತ್ತಿದಳು. ಮೇಲೆ ಅಕ್ಕ ಒಬ್ಬಳೇ, ಕಾಲು ಇಳಿಬಿಟ್ಟು ಕುಳಿತಿದ್ದಳು. ನೋಡಲು, ಚಪ್ಪಾಳೆ ತಟ್ಟಲು ಕೆಳಗೆ ನರಪಿಳ್ಳೆಯೂ ಇರಲಿಲ್ಲ.

"ಮೊದಲೆಲ್ಲ ಕೆಳಗೆ ನೋಡಿದ್ರೆ ಭಯ ಆಗ್ತಿತ್ತು ಕಣೇ," ಎಂದಳು ಅಕ್ಕ, ತಿರುಗದೆ. "ಈಗ ಏನೂ ಆಗಲ್ಲ."

ತಂಗಿ ಏಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು. "ನನಗೆ ಆಗ್ತಿದೆ. ನನ್ನ ಇಳಿಸು" ಎಂದಳು. ಅಕ್ಕ ಎದ್ದು ಬಂದು, ತಾನು ಮೊದಲು ಏಣಿಗಿಳಿದು, ಒಂದೊಂದೇ ಮೆಟ್ಟಿಲಿಗೆ ಅವಳ ಪಾದವನ್ನು ಹಿಡಿದಿಟ್ಟು ಇಳಿಸಿದಳು.

ಆ ಭಾನುವಾರ ತನ್ನ ಸರದಿ ಬಂದಾಗ ತಂಗಿ ಅಂಕಪಟ್ಟಿಯ ಗೊಡವೆಗೆ ಹೋಗಲಿಲ್ಲ. "ಎಲ್ಲ ಸರಿ ಇಲ್ಲ ಅಪ್ಪಾ. ಅಕ್ಕ ಊಟ ಮಾಡ್ತಿಲ್ಲ, ನಿದ್ದೆ ಮಾಡ್ತಿಲ್ಲ. ಭಯಾನೂ ಆಗಲ್ಲವಂತೆ. ನಿಮ್ಮ ಆ ಹುಡುಗನ ಥರಾನೇ ಆಗಿದ್ದಾಳೆ." ಅಮ್ಮ ಫೋನು ಕಿತ್ತುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು.

ನಾಲ್ಕನೆಯ ದಿನ ಅಪ್ಪ ಬಂದ. ಅಕ್ಕನನ್ನು ಮನೋವೈದ್ಯೆಯ ಬಳಿಗೆ ಕರೆದೊಯ್ದ, ಹೊರಗಿನ ಬೆಂಚಿನ ಮೇಲೆ ತಾಸುಗಟ್ಟಲೆ ಕಾದ, ಹುಡುಗಿಯರ ಕೋಣೆಯಲ್ಲಿ ಅಕ್ಕನ ಪಕ್ಕಕ್ಕೇ ಹಾಸಿಗೆ ಹಾಕಿಸಿಕೊಂಡ. ತಂಗಿ ತನ್ನ ದಿಂಬು ಎತ್ತಿಕೊಂಡು ಅಮ್ಮನ ಕೋಣೆಗೆ ನಡೆದಳು. ಅಕ್ಕ ಉಳಿಯಲೆಂದು ತಾನೇ ಬಾಯಿ ಬಿಟ್ಟವಳಿಗೆ ಈಗ ಅಪ್ಪನ ಆ ಹಾಸಿಗೆಯನ್ನು ಕಂಡರೆ ಅಸೂಯೆ. ಮೂರನೆಯ ಬೆಳಿಗ್ಗೆ, ನಾನೂ ಊಟ ಬಿಟ್ಟರೆ ಹೇಗೆ ಎಂದು ಅವಳು ತಿಂಡಿಯ ತಟ್ಟೆಯನ್ನು ಮೆಲ್ಲನೆ ಆಚೆ ಸರಿಸಿದಳು. ಅಪ್ಪನಿಗೆ ಕಾಣಲಿಲ್ಲ, ಅಮ್ಮನಿಗೂ ಕಾಣಲಿಲ್ಲ. ವಾರಗಳಿಂದ ಯಾರ ಮುಖವನ್ನೂ ನೆಟ್ಟಗೆ ನೋಡದಿದ್ದ ಅಕ್ಕ ತಟ್ಟೆಯನ್ನು ಎಳೆದು ಮತ್ತೆ ಅವಳ ಮುಂದಿಟ್ಟಳು.

"ಅಪ್ಪಾ, ಇವಳನ್ನೂ ಸ್ವಲ್ಪ ನೋಡಿ."

ದಂಡಿನ ಮನೆಗಳ ಹಿರಿಮಕ್ಕಳ ಜಾತಿಯೇ ಇಂಥದ್ದು. ತಮ್ಮ ಸಂಕಟವನ್ನು ತಿಳಿಸಲು ಮುಗಿಲೆತ್ತರ ಹತ್ತಬೇಕಾಗುತ್ತದೆ ಅವರಿಗೆ. ಇನ್ನೊಬ್ಬರದಾದರೆ, ಕುಳಿತಲ್ಲಿಂದಲೇ ಹೇಳಿಬಿಡುತ್ತಾರೆ.