ಕಟ್ಟಿದವನು ಕೊಟ್ಟ ಬೀಗ

ಬೀಗದಣ್ಣನಿಗೆ ಕಸುಬಿನಲ್ಲಿ ಎರಡು ಮಾತಿದ್ದವು. ಎರಡನ್ನೂ ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಒಂದು, ಹೊಸ ಮನೆಗೆ ಹೋದವರು ಮನೆ ಕಟ್ಟಿದವನು ಕೊಟ್ಟ ಬೀಗವನ್ನು ಅವತ್ತೇ ಕಿತ್ತು ಬಿಸಾಡಬೇಕು. ಅದರ ಕೀಲಿ ಗಾರೆಯವನು, ಬಣ್ಣದವನು, ನಲ್ಲಿಯವನು ಎಂದು ಹತ್ತು ಕೈ ದಾಟಿ ಬಂದಿರುತ್ತದೆ. ಇನ್ನೊಂದು, ಯಾರ ಕೀಲಿಯ ನಕಲನ್ನೂ ಬೀಗದವನು ಇಟ್ಟುಕೊಳ್ಳಬಾರದು. ನಕಲು ಇದ್ದ ಕಡೆ ಕಳ್ಳನಿಗೆ ದಾರಿ ಇದ್ದೇ ಇರುತ್ತದೆ. ಕಸುಬು ಕಲಿಸಿದ ಸೋದರಮಾವ ಅಂಗಡಿಯ ಗೋಡೆಗೆ ಒಂದು ಮೊಳೆ ಹೊಡೆದು, ಇದು ನಕಲಿನ ಮೊಳೆ, ಇದರಲ್ಲಿ ಯಾವತ್ತೂ ಏನೂ ತೂಗಬಾರದು ಎಂದಿದ್ದ. ಇಪ್ಪತ್ತೆಂಟು ವರ್ಷ ಅದು ಖಾಲಿಯೇ ಇತ್ತು. ಆ ಎರಡು ಮಾತಿನಿಂದ ಅವನು ಬೀದಿಯಲ್ಲಿ ಮರ್ಯಾದೆ ಗಳಿಸಿದ. ಅವೇ ಎರಡು ಮಾತಿನಿಂದ ಹೆಂಡತಿಯ ದನಿಯನ್ನು ಕಳೆದ.

ಹೆಂಡತಿ ಶಾಲೆಯ ಟೀಚರು. ಮೂವತ್ತು ವರ್ಷ ನಲವತ್ತು ಮಕ್ಕಳ ಗಲಾಟೆಯ ಮೇಲೆ ಕೇಳಿಸಿದ ಗಂಟಲು. ಅದರಲ್ಲಿ ಗೆಡ್ಡೆ ಬೆಳೆದಿತ್ತು. ತೆಗೆಯದಿದ್ದರೆ ಜೀವ ಹೋಗುತ್ತದೆ, ತೆಗೆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿ, ಮೂರು ವಾರ ಬಿಟ್ಟು ಬರುವ ಸೋಮವಾರಕ್ಕೆ ದಿನ ಕೊಟ್ಟರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಬೇಕಾಗುವ ಮಾತುಗಳನ್ನು ಈಗಲೇ ಅವರ ದನಿಯಲ್ಲಿ ಕಂಪ್ಯೂಟರಿಗೆ ಹಾಕಿಡಿ, ಆಮೇಲೆ ಒತ್ತಿದರೆ ಅದೇ ಮಾತು ಬರುತ್ತದೆ, ಬಹಳ ಜನ ಹಾಗೆ ಮಾಡುತ್ತಾರೆ.

ಟೀಚರು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಮಾತುಗಳ ಪಟ್ಟಿ ಬರೆದಳು. ನೀರು ಬೇಕು. ನೋವಿದೆ. ಫ್ಯಾನು ಜೋರು ಮಾಡಿ. ಅಲ್ಲಿಂದ ಮುಂದೆ ಸಂಸಾರ: ಒದ್ದೆ ಕಾಲಲ್ಲಿ ಬರಬೇಡಿ. ಕನ್ನಡಕ ನಿಮ್ಮ ತಲೆ ಮೇಲೇ ಇದೆ. ನೀವು ಹೇಳಿದ್ದೇ ವೇದವಾ? ಒಟ್ಟು ಆರುನೂರ ಹನ್ನೆರಡು. ಪಟ್ಟಿಯ ಮೊದಲ ಮಾತು 'ರೀ'. ಅದೊಂದನ್ನೇ ಏಳು ಸಲ ಬರೆದಿದ್ದಳು. ಕರೆಯುವಾಗಿನ ರೀ ಬೇರೆ, ಸಿಟ್ಟಿನ ರೀ ಬೇರೆ, ಹೆದರಿದಾಗಿನದು ಬೇರೆ ಎಂದಳು.

ಟೀಚರ ತಂಗಿ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡುವವಳು. ಅವಳೇ ಮೈಕು ತಂದು, ಕಂಪ್ಯೂಟರಿಗೆ ಸಿಕ್ಕಿಸಿ, ಬಟನ್ ಒತ್ತುವುದನ್ನು ಭಾವನಿಗೆ ಕಲಿಸಿದಳು. ದಿನಾ ಮಧ್ಯಾಹ್ನ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರುತ್ತಾ ಕೂತು ಟೀಚರು ಓದುವಳು, ಇವನು ಒತ್ತುವನು.

ಅದರ ಕಾವಲಿನ ಮಾತು ಬಂದಾಗ ಬೀಗದಣ್ಣ ಮೈ ನೆಟ್ಟಗೆ ಮಾಡಿಕೊಂಡ. ಅಂಗಡಿ ಸಾಲಿನಲ್ಲೇ ಇದ್ದ ಕಂಪ್ಯೂಟರ್ ರಿಪೇರಿಯವನನ್ನು ಯಾವ ಆಂಟಿವೈರಸ್ ಹಾಕಲಿ ಎಂದು ಕೇಳಿದ್ದೇನೋ ನಿಜ. ಮೆಷೀನಿನ ಜೊತೆಗೇ ಒಂದು ಬಂದಿದೆ, ಮನೆಗೆ ಅದು ಸಾಕು, ಆಗಾಗ ಅಪ್‌ಡೇಟ್ ಮಾಡಿದರಾಯ್ತು, ಪರದೆಯ ಮೇಲೆ ತಾನಾಗಿ ಬಂದು ಕರೆಯುವುದನ್ನು ಮಾತ್ರ ಮುಟ್ಟಬೇಡಿ ಎಂದ ಅವನು. ಜೊತೆಗೇ ಬಂದದ್ದು! ಬೀಗದಣ್ಣನಿಗೆ ನಗು ಬಂತು. ಕಟ್ಟಿದವನು ಕೊಟ್ಟ ಬೀಗವನ್ನು ನಂಬು ಎಂದು ಬೀಗದವನಿಗೇ ಹೇಳುತ್ತಾನೆ. ನಾದಿನಿ ಬೇರೆ, ದಿನದ ಮಾತನ್ನು ದಿನವೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ತನ್ನ ಮನೆಯಲ್ಲಿಡಿ ಎಂದು ದುಂಬಾಲು ಬಿದ್ದಳು.

"ನಿಮ್ಮಕ್ಕನ ದನಿ ಏನು ಸಂತೆ ಸರಕಾ, ಮನೆಮನೆಗೆ ಹಂಚೋಕೆ?" ಎಂದ.

"ಕಳೆದುಹೋದ್ರೆ ಭಾವ?"

"ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಂದು ಕೀಲಿ ಕಳೆದಿಲ್ಲ."

ಭಾನುವಾರ ಒಬ್ಬನೇ ಕೂತು ಮೆಷೀನಿನ ಜೊತೆ ಬಂದಿದ್ದ ಕಾವಲನ್ನು ಆರಿಸಿದ. ಬೇರೆಯದನ್ನು ಹುಡುಕುತ್ತಿದ್ದಂತೆ ಪರದೆಯ ತುಂಬ ಕೆಂಪು ಬಂತು. ನಿಮ್ಮ ಮನೆಗೆ ಹದಿನೇಳು ಕಳ್ಳರು ನುಗ್ಗಿದ್ದಾರೆ ಎನ್ನುವ ಅರ್ಥದ ಮಾತು, ಪಕ್ಕದಲ್ಲಿ ಉಕ್ಕಿನ ದೊಡ್ಡ ಬೀಗದ ಚಿತ್ರ. ಆ ಚಿತ್ರಕ್ಕೆ ಅವನು ಮನಸೋತ. ಬಾಗಿಲು ತಟ್ಟಿ, ನಿಮ್ಮ ಚಿಲಕ ಸಡಿಲ ಇದೆ ಎಂದು ಹೇಳುವವನೇ ಕಳ್ಳ ಎಂದು ಅವನೇ ಎಷ್ಟು ಹೆಂಗಸರಿಗೆ ಹೇಳಿಲ್ಲ? ತಾನೇ ಒತ್ತಿದ, ತಾನೇ ಒಳಗೆ ಕರೆದ.

ಆಪರೇಷನ್ನಿಗೆ ಐದು ದಿನ ಉಳಿದಿದ್ದ ಬುಧವಾರ ಮಧ್ಯಾಹ್ನ ಕಂಪ್ಯೂಟರ್ ಹಾಕಿದರೆ ಮಾತುಗಳ ಹೆಸರೆಲ್ಲ ಅರ್ಥವಾಗದ ಅಕ್ಷರಗಳಾಗಿದ್ದವು. ಒಂದನ್ನು ಒತ್ತಿದ, ಬಾಯಿ ಬಿಡಲಿಲ್ಲ. ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿ ನಮ್ಮ ಹತ್ತಿರ ಇದೆ, ದುಡ್ಡು ಕಳಿಸಿದರೆ ಕೊಡುತ್ತೇವೆ ಎಂದು ಪರದೆ ಹೇಳುತ್ತಿತ್ತು.

ಹೆಂಡತಿ ಒಳಗಿನಿಂದ ನೋಟ್‌ಬುಕ್ ಹಿಡಿದು ಬಂದಳು. ಮೆಷೀನು ಬಿಸಿಯಾಗಿದೆ, ಇವತ್ತು ಬೇಡ ಎಂದುಬಿಟ್ಟ. ಬೀಗ ಎನ್ನುವ ಪದ ನೋಡಿದ ಮೇಲೆ ಅವನ ಕೈ ಸುಮ್ಮನಿರಲು ಒಪ್ಪಲಿಲ್ಲ. ಯಾರೋ ಹಾಕಿದ ಬೀಗ ತಾನೇ? ಗುರುವಾರ ಬೆಳಗ್ಗೆ ಅಂಗಡಿ ಬಾಗಿಲು ತೆರೆಯದೆ ಮೆಷೀನನ್ನು ರಿಪೇರಿಯವನ ಮೇಜಿಗೆ ಹೊತ್ತು ತಂದು ಸಂಜೆಯವರೆಗೆ ಅಲ್ಲೇ ಕೂತ. ಕೊನೆಗೆ ರಿಪೇರಿಯವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇದನ್ನು ಯಾರೂ ತೆಗೆಯಲಾರರು, ದುಡ್ಡು ಎಸೆದರೂ ಕೀಲಿ ಬರುವ ನಂಬಿಕೆಯಿಲ್ಲ, ವರ್ಷಗಳಾದ ಮೇಲೆ ಕೆಲವು ಕೀಲಿ ಬಯಲಿಗೆ ಬರುವುದುಂಟು, ಡಿಸ್ಕನ್ನು ಎಸೆಯಬೇಡಿ ಎಂದು ಹಳೆಯದನ್ನು ಬಿಚ್ಚಿ ಕೈಗಿಟ್ಟು ಹೊಸದನ್ನು ಹಾಕಿಕೊಟ್ಟ. ನಕಲು ಇದೆಯಲ್ಲ ಎಂದು ಅವನು ಕೇಳಲಿಲ್ಲ. ಮುಖ ನೋಡಿಯೇ ಗೊತ್ತಾಗಿತ್ತು.

ಮನೆಗೆ ಬಂದರೆ ನಾದಿನಿ ಕೂತಿದ್ದಳು. ಮೇಜಿನ ಮೇಲೆ ಇಟ್ಟ ಹಳೆಯ ಡಿಸ್ಕನ್ನು ನೋಡಿದಳು, ಭಾವನನ್ನು ನೋಡಿದಳು.

"ಯಾವತ್ತು ಹೋಯ್ತು?"

"ನಿನ್ನೆ."

"ನಿನ್ನೆ ಹೋದದ್ದನ್ನ ಇವತ್ತು ಸಂಜೆ ಹೇಳ್ತೀರಾ? ಅಕ್ಕನ ಹತ್ರ ಉಳಿದಿರೋದೇ ಲೆಕ್ಕದ ದಿನ. ಅದರಲ್ಲಿ ಎರಡನ್ನ ನಿಮ್ಮ ಜಂಬಕ್ಕೆ ಹಾಕಿದ್ರಲ್ಲ ಭಾವ."

ಟೀಚರು ಅಳಲಿಲ್ಲ, ಬೈಯಲಿಲ್ಲ. ಅಷ್ಟರಲ್ಲಿ ಅವಳ ದನಿ ಮರಳು ಕಾಗದ ಉಜ್ಜಿದಂತಾಗಿತ್ತು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮಾತು ಬೇಡ ಎಂದು ಡಾಕ್ಟರು ಹೇಳಿದ್ದರು. ಮೂರು ದಿನ, ಒಂದೂವರೆ ಗಂಟೆ. ಅವಳು ಪರೀಕ್ಷೆಯ ಉತ್ತರ ತಿದ್ದುವ ಕೆಂಪು ಪೆನ್ಸಿಲು ತೆಗೆದು ನೋಟ್‌ಬುಕ್ಕಿನ ಮೊದಲ ಪುಟದಿಂದ ಹೊಡೆದುಹಾಕುತ್ತಾ ಬಂದಳು. ಫ್ಯಾನು ಹೋಯಿತು, ಕೈ ತೋರಿಸಿದರೆ ಸಾಕು. ನೀರು ಹೋಯಿತು. ಪಕ್ಕದ ಮನೆಯವರ ಯೋಗಕ್ಷೇಮ ಹೋಯಿತು. ನೋವಿದೆ, ಉಸಿರು ಕಟ್ಟುತ್ತಿದೆ, ಡಾಕ್ಟರನ್ನು ಕರೆಯಿರಿ ಉಳಿದವು. ತಂಗಿಗೆ ಎಂದು ಬರೆದದ್ದರಲ್ಲಿ ಐದು ಉಳಿದವು. ಬೈಗುಳದ ಪುಟಕ್ಕೆ ಬಂದು ಪೆನ್ಸಿಲು ಅಡ್ಡ ಇಟ್ಟಾಗ ಬೀಗದಣ್ಣ ಅವಳ ಕೈ ಹಿಡಿದ.

"ಅದನ್ನ ಬಿಡು ಮಾರಾಯ್ತಿ."

"ನಿಮ್ಮನ್ನ ಬೈಯೋಕೆ ದನಿ ಖರ್ಚು ಮಾಡ್ಲಾ?"

"ಮಾಡು. ಅದಿಲ್ದೆ ನಾನು ಇನ್ನೂ ಕೆಟ್ಟುಹೋಗ್ತೀನಿ."

ಅವಳು ಕನ್ನಡಕದ್ದನ್ನೂ ವೇದದ್ದನ್ನೂ ಉಳಿಸಿದಳು. ಏಳು 'ರೀ'ಗಳನ್ನು ಮಾತ್ರ ಒಂದೇ ಗೆರೆಯಲ್ಲಿ ಹೊಡೆದಳು. ಕರೆಯಬೇಕಾದರೆ ಮೇಜು ತಟ್ಟುತ್ತೇನೆ ಎಂದಳು. ಕೇಳುವ ಹಕ್ಕು ಎಷ್ಟಿತ್ತೋ ಅಷ್ಟನ್ನೂ ಅವನು ಆಗಲೇ ಖರ್ಚು ಮಾಡಿದ್ದ.

ಈ ಸಲ ಜೊತೆಗೆ ಬಂದ ಕಾವಲನ್ನು ಅವನು ಮುಟ್ಟಲಿಲ್ಲ. ಒಂದೊಂದು ದಿನದ ಕೆಲಸ ಮುಗಿದ ಕೂಡಲೇ ಮೂರು ಪೆನ್‌ಡ್ರೈವಿಗೆ ನಕಲು ಮಾಡಿ ಮೆಷೀನಿನಿಂದ ಕಿತ್ತಿಡುವುದು, ಸಿಕ್ಕಿಸಿಯೇ ಬಿಟ್ಟರೆ ಕಳ್ಳ ಅದಕ್ಕೂ ಕೈ ಹಾಕುತ್ತಾನೆ ಎಂದು ನಾದಿನಿ ಹೇಳಿಕೊಟ್ಟಳು. ಅವನು ಶಾಲೆಯ ಹುಡುಗನ ಹಾಗೆ ಕೇಳಿದ. ಒಂದು ಅವಳ ಮನೆಗೆ ಹೋಯಿತು, ಒಂದು ರಿಪೇರಿಯವನ ಕಬ್ಬಿಣದ ಬೀರುವಿಗೆ. ಮೂರನೆಯದನ್ನು ಅಂಗಡಿಗೆ ಒಯ್ದು, ಸೋದರಮಾವ ಹೊಡೆದ ಮೊಳೆಗೆ ದಾರ ಕಟ್ಟಿ ತೂಗಹಾಕಿದ. ಬೀಗ ಬಿದ್ದ ಹಳೆಯ ಡಿಸ್ಕನ್ನು ಕೆಳಗಿನ ಡ್ರಾಯರಿನಲ್ಲಿಟ್ಟ.

ಭಾನುವಾರ ಎಪ್ಪತ್ತೆರಡನೆಯ ಮಾತಿಗೆ ದನಿ ಒಡೆಯಿತು. ಸಾಕು ಎಂದು ಅವನು ಕೈ ಮಾಡಿದ. ಅವಳು ತಲೆಯಾಡಿಸಿ, ನೀರು ಗುಟುಕರಿಸಿ, ಇನ್ನೊಂದು ಎಂಬಂತೆ ಬೆರಳೆತ್ತಿದಳು. ಅವನು ಬಟನ್ ಒತ್ತಿದ.

"ರೀ."

"ಬಂದೆ," ಎಂದುಬಿಟ್ಟ ಅವನು. ಮೂವತ್ತು ವರ್ಷದ ಅಭ್ಯಾಸ, ಬಾಯಿಗೆ ತಡೆಯೆಲ್ಲಿ? ಅದೂ ಒಳಗೆ ಸೇರಿಹೋಯಿತು. ಮತ್ತೊಮ್ಮೆ ಹೇಳಲು ಅವಳು ಬಾಯಿ ತೆರೆದಳು, ಗಾಳಿ ಮಾತ್ರ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ವಾರ ಮನೆಗೆ ಕರೆತಂದರು. ನಿಮ್ಮ 'ಬಂದೆ'ಯನ್ನು ಕತ್ತರಿಸಿ ತೆಗೆಯಬಹುದು, ಎರಡು ನಿಮಿಷದ ಕೆಲಸ ಭಾವ ಎಂದು ನಾದಿನಿ ಮೌಸ್ ಹಿಡಿದಳು. ಟೀಚರು ಅವಳ ಕೈ ಸರಿಸಿದಳು.

ಮಾರನೆಯ ದಿನ ಬೆಳಗ್ಗೆ ಬೀಗದಣ್ಣ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ. ಒಳಗಿನಿಂದ ಒಡೆದ ದನಿಯೊಂದು "ರೀ" ಎಂದಿತು. ಅದರ ಬೆನ್ನಿಗೇ ಅವನದೇ ದನಿ "ಬಂದೆ" ಎಂದಿತು. ಬಕೆಟ್ಟನ್ನು ಅಲ್ಲೇ ಬಿಟ್ಟು, ಒದ್ದೆ ಕಾಲನ್ನು ಮೆಟ್ಟಿಲ ಮೇಲೆ ಒರೆಸಿಕೊಂಡು ಅವನು ಒಳಗೆ ಹೋದ.